ನಿಯಮದ ಭಾರ ಯಾರ ಹೆಗಲಿಗೆ?
ಟೇಬಲ್‌ಟಾಪ್ ರೋಲ್‌ಪ್ಲೇ ಆಟಗಳ ಕುರಿತ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ. ರೋಲ್‌ಪ್ಲೇ ಆಟ ಆಡುವ ನಾಲ್ಕು ಜನ ಒಂದು ಕಡೆ ಸೇರಿದರೆ ಒಂದು ವಾದ ಎದ್ದೇ ಏಳುತ್ತದೆ: ನಿಯಮ ಜಾಸ್ತಿ ಇರುವ ಆಟ ಒಳ್ಳೆಯದೋ, ಕಡಿಮೆ ಇರುವುದೋ? ಒಬ್ಬರು ಪಾಥ್‌ಫೈಂಡರ್ ಎಂಬ ಆಟದ ಎರಡನೇ ಆವೃತ್ತಿಯ 640 ಪುಟದ ಪುಸ್ತಕ ಎತ್ತಿ ತೋರಿಸುತ್ತಾರೆ. ಇನ್ನೊಬ್ಬರು ಜಾನ್ ಹಾರ್ಪರ್ ಒಂದೇ ಪುಟದಲ್ಲಿ ಬರೆದು ಮುಗಿಸಿದ ‘ಲೇಸರ್ಸ್ ಅಂಡ್ ಫೀಲಿಂಗ್ಸ್’ ತೋರಿಸುತ್ತಾರೆ. ಪುಟ ಎಣಿಸಿದರೆ ತಿಳಿಯುವುದು ಬಹಳ ಕಡಿಮೆ. ಒಂದು ನಿಯಮ ಮೇಜಿನ ಸುತ್ತ ಕೂತವರ ಖುಷಿಯನ್ನು ಹೆಚ್ಚಿಸುತ್ತದೋ ಕೆಡಿಸುತ್ತದೋ ಎಂದು ನೋಡಬೇಕಾದರೆ ಕೇಳಬೇಕಾದ್ದು ಬೇರೆ: ಅದರ ಭಾರ ಯಾವ ಹೊತ್ತಿನಲ್ಲಿ ಬೀಳುತ್ತದೆ, ಯಾರ ಮೇಲೆ ಬೀಳುತ್ತದೆ, ಎಷ್ಟು ಸಲ ಬೀಳುತ್ತದೆ?

ಈ ಆಟಗಳ ಪರಿಚಯ ಇಲ್ಲದವರಿಗೆ ಎರಡು ಮಾತು. ಮೂರರಿಂದ ಐದು ಜನ ತಲಾ ಒಂದು ಪಾತ್ರ ವಹಿಸುತ್ತಾರೆ. ಇನ್ನೊಬ್ಬರು ಗೇಮ್ ಮಾಸ್ಟರ್, ಅಂದರೆ ಜಿಎಂ. ಉಳಿದ ಲೋಕವೆಲ್ಲ ಅವರದು. ಆಟಗಾರರು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ. ಫಲ ಅನುಮಾನ ಇದ್ದ ಕಡೆ ದಾಳ ಹಾಕುತ್ತಾರೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’, ಅಂದರೆ ಡಿ ಅಂಡ್ ಡಿ, ಈ ಬಗೆಯಲ್ಲಿ ಅಚ್ಚಾಗಿ ಮಾರಾಟಕ್ಕೆ ಬಂದ ಮೊದಲನೆಯದು.

ವಾದ ಮಾತ್ರ ಅದಕ್ಕಿಂತ ನೂರು ವರ್ಷ ಹಳೆಯದು. ಪ್ರಷ್ಯದ ಸೈನ್ಯದಲ್ಲಿ ಅಧಿಕಾರಿಗಳ ತರಬೇತಿಗೆಂದು ‘ಕ್ರೀಗ್‌ಸ್ಪೀಲ್’ ಎಂಬ ಯುದ್ಧದ ಆಟ ಇತ್ತು. 1824ರಲ್ಲಿ ರೈಸ್‌ವಿಟ್ಸ್ ಎಂಬ ಅಧಿಕಾರಿ ಅದಕ್ಕೆ ನಿಯಮ ಪ್ರಕಟಿಸಿದ. ಭೂಪಟದ ಮೇಲೆ ತುಕಡಿಗಳು, ನಡುವೆ ತೀರ್ಪುಗಾರ, ಗುಂಡೇಟಿಗೆ ದಾಳ, ಸತ್ತವರ ಲೆಕ್ಕಕ್ಕೆ ಕೋಷ್ಟಕ. ಕಾಲಕ್ರಮೇಣ ತೀರ್ಪುಗಾರರಿಗೆ ಕೋಷ್ಟಕ ತಿರುವುವುದೇ ಕೆಲಸವಾಗಿ, ಆಟ ತೆವಳತೊಡಗಿತು. 1876ರಲ್ಲಿ ವೆರ್ಡಿ ದು ವೆರ್ನುವಾ ಎಂಬ ಅಧಿಕಾರಿ ದಾಳ, ಕೋಷ್ಟಕ ಎರಡನ್ನೂ ಬದಿಗಿಟ್ಟು, ಅನುಭವಿ ತೀರ್ಪುಗಾರನ ಮಾತೇ ಸಾಕು ಎಂಬ ಮುಕ್ತ ಪದ್ಧತಿಯನ್ನು ಮುಂದಿಟ್ಟ. ಇಲ್ಲಿ ಗಮನಿಸಬೇಕಾದ್ದು: ಭಾರ ಮಾಯವಾಗಲಿಲ್ಲ, ಪುಸ್ತಕದಿಂದ ತೀರ್ಪುಗಾರನ ತಲೆಗೆ ಹೋಯಿತು. ಯುದ್ಧ ಕಂಡ ಅಧಿಕಾರಿ ಆ ಕುರ್ಚಿಯಲ್ಲಿ ಕೂತರೆ ಸರಿ. ಕಾಣದವನು ಕೂತರೆ ತೀರ್ಪನ್ನು ಯಾರೂ ನಂಬುವುದಿಲ್ಲ.

ಈಗ ಒಂದು ನಿಯಮವನ್ನು ಹತ್ತಿರದಿಂದ ನೋಡೋಣ. ಡಿ ಅಂಡ್ ಡಿ 3.5 ಆವೃತ್ತಿಯಲ್ಲಿ, ಅಂದರೆ 2003ರ ಪುಸ್ತಕದಲ್ಲಿ, ಎದುರಾಳಿಯನ್ನು ಹಿಡಿದು ಅದುಮುವುದಕ್ಕೆ ಗ್ರ್ಯಾಪಲ್ ಎಂದು ಹೆಸರು. ವಿಶೇಷ ತರಬೇತಿ ಇಲ್ಲದ ಪಾತ್ರ ಕೈಚಾಚಿದ ಕೂಡಲೇ ಎದುರಾಳಿಗೆ ಒಂದು ಪುಕ್ಕಟೆ ಏಟು ಸಿಗುತ್ತದೆ. ಅದು ತಾಗಿ ಗಾಯವಾದರೆ ಹಿಡಿತ ಅಲ್ಲಿಗೇ ಮುಗಿಯಿತು. ತಾಗದಿದ್ದರೆ ಮುಟ್ಟುವುದಕ್ಕೆ ಒಂದು ದಾಳ. ಅದೂ ಎದುರಾಳಿಯ ಮಾಮೂಲಿ ರಕ್ಷಣಾಂಕದ (ಏಟು ತಾಗಲು ಮುಟ್ಟಬೇಕಾದ ಅಂಕದ) ವಿರುದ್ಧ ಅಲ್ಲ, ಕವಚ ಕಳೆದು ಉಳಿಯುವ ಬೇರೊಂದು ಅಂಕದ ವಿರುದ್ಧ. ಮುಟ್ಟಿದ ಮೇಲೆ ಇಬ್ಬರೂ ದಾಳ ಹಾಕಿ ಪೈಪೋಟಿ. ಅದಕ್ಕೆ ದಾಳಿಯ ಬಲ, ಮೈಬಲ, ಜೊತೆಗೆ ದೇಹದ ಗಾತ್ರಕ್ಕೆ ತಕ್ಕಂತೆ ಒಂದೊಂದು ಹಂತಕ್ಕೆ 4 ಕೂಡಬೇಕು ಅಥವಾ ಕಳೆಯಬೇಕು. ಗೆದ್ದರೆ ಕಾಳಗದ ನಕ್ಷೆಯಲ್ಲಿ ಎದುರಾಳಿ ನಿಂತ ಚೌಕಕ್ಕೆ ಕಾಲಿಡಬೇಕು, ಆ ಚಲನೆಗೆ ಸುತ್ತ ನಿಂತ ಇತರ ಶತ್ರುಗಳಿಗೂ ಪುಕ್ಕಟೆ ಏಟಿನ ಅವಕಾಶ. ಇಷ್ಟಾದ ಮೇಲೆ, ಹಿಡಿತದೊಳಗೆ ಯಾರು ಏನು ಮಾಡಬಹುದು ಎಂಬುದಕ್ಕೆ ಇನ್ನೊಂದು ಪಟ್ಟಿ.

ಪ್ರತಿ ಹಂತಕ್ಕೂ ಕಾರಣ ಇದೆ. ಕತ್ತಿ ಹಿಡಿದವನ ಮೇಲೆ ಬರಿಗೈಯಲ್ಲಿ ಬೀಳುವುದು ಅಪಾಯ, ಆನೆಗಾತ್ರದ ಪ್ರಾಣಿಯನ್ನು ಅದುಮುವುದು ಕಷ್ಟ, ಕವಚ ಮುಟ್ಟುವುದನ್ನು ತಡೆಯುವುದಿಲ್ಲ. ಹಾಗಾದರೆ ಆಟಗಾರರು ಇದನ್ನು ಕಂಡರೆ ಹೆದರುತ್ತಿದ್ದದ್ದೇಕೆ? ಇದು ಅಪರೂಪಕ್ಕೆ ಬರುವ ನಿಯಮ ಎನ್ನುವುದಕ್ಕೆ. ಕತ್ತಿಯ ಏಟಿನ ಲೆಕ್ಕವನ್ನು ಒಂದು ಸಂಜೆಯಲ್ಲಿ ಮೂವತ್ತು ಸಲ ಮಾಡುತ್ತೇವೆ, ಎರಡನೇ ವಾರಕ್ಕೆ ಅದು ಕಂಠಪಾಠ. ಗ್ರ್ಯಾಪಲ್ ಬರುವುದು ತಿಂಗಳಿಗೊಮ್ಮೆ. ಬಂದಾಗಲೆಲ್ಲ ಪುಸ್ತಕ ಬಿಚ್ಚಬೇಕು, ಅದೂ ಕಥೆ ಬಿಸಿ ಏರಿರುವ ಗಳಿಗೆಯಲ್ಲೇ. ಪ್ರತಿ ಸರದಿಯಲ್ಲೂ ಬಳಸುವ ನಿಯಮ ಎಷ್ಟೇ ಗಟ್ಟಿಯಾಗಿದ್ದರೂ ತಂಡ ಅರಗಿಸಿಕೊಳ್ಳುತ್ತದೆ. ಅಪರೂಪದ ನಿಯಮ ಮಾತ್ರ ಸರಳವಾಗಿರಲೇಬೇಕು. 2014ರ ಐದನೇ ಆವೃತ್ತಿ ಇದನ್ನು ಇಬ್ಬರ ನಡುವಿನ ಒಂದೇ ಪೈಪೋಟಿಗೆ ಇಳಿಸಿತು. 2024ರ ಪರಿಷ್ಕರಣೆಯಲ್ಲಿ ದಾಳ ಹಾಕುವುದು ಹಿಡಿಸಿಕೊಳ್ಳುವವನೊಬ್ಬನೇ: 8ಕ್ಕೆ ಹಿಡಿಯುವವನ ಮೈಬಲ ಮತ್ತು ಪರಿಣತಿಯ ಅಂಕ ಕೂಡಿದಷ್ಟನ್ನು ಅವನು ಮುಟ್ಟಬೇಕು.

ಎರಡನೆಯ ವಿಷಯ ಕಾಯುವ ಹೊತ್ತು. ತಂಡದ ಖುಷಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಐವರು ಆಟಗಾರರು, ಒಬ್ಬರು ಜಿಎಂ. ಒಬ್ಬೊಬ್ಬರ ಸರದಿಗೆ ಎರಡು ನಿಮಿಷ ಎಂದರೂ ಒಂದು ಸುತ್ತಿಗೆ 12 ನಿಮಿಷ. ನಾಲ್ಕು ಸುತ್ತಿನ ಕಾಳಗ 48 ನಿಮಿಷ. ಅದರಲ್ಲಿ ಒಬ್ಬ ಆಟಗಾರ ಮಾತಾಡುವುದು 8 ನಿಮಿಷ. ಈಗ ಸೋಲಿನ ಲೆಕ್ಕ ಸೇರಿಸಿ. ಐದನೇ ಆವೃತ್ತಿಯಲ್ಲಿ ಮೊದಲ ಮಟ್ಟದ, ಅಂದರೆ ಆಗಷ್ಟೇ ಶುರುಮಾಡಿದ, ಯೋಧನಿಗೆ ದಾಳಿಯ ಗರಕ್ಕೆ ಕೂಡಲು ಸಾಮಾನ್ಯವಾಗಿ +5 ಇರುತ್ತದೆ. ಗಾಬ್ಲಿನ್ ಎಂಬ ಕುಳ್ಳ ರಾಕ್ಷಸನ ರಕ್ಷಣಾಂಕ 15. ಇಪ್ಪತ್ತು ಮುಖದ ದಾಳದಲ್ಲಿ 10 ಅಥವಾ ಹೆಚ್ಚಿನ ಗರ ಬೀಳಬೇಕು, ಅಂದರೆ ಶೇ. 55. ಸತತ ಎರಡು ಸಲ ತಪ್ಪುವ ಸಾಧ್ಯತೆ ಶೇ. 20. ಐದರಲ್ಲಿ ಒಬ್ಬ ಆಟಗಾರ 24 ನಿಮಿಷ ಕೂತು ಏನೂ ಸಾಧಿಸದೆ ಮೊಬೈಲ್ ತೆಗೆಯುತ್ತಾನೆ. ಅವನಿಗೆ ಆಸಕ್ತಿ ಇಲ್ಲ ಎಂದು ಜಿಎಂ ಬೇಸರಪಟ್ಟುಕೊಳ್ಳುವ ಮೊದಲು ಈ ಲೆಕ್ಕ ನೋಡುವುದು ಒಳ್ಳೆಯದು.

ಇದಕ್ಕೆ ಆಟ ಬದಲಿಸಬೇಕಾಗಿಲ್ಲ. ತಾಗುವ ದಾಳ, ಗಾಯದ ದಾಳ ಎರಡನ್ನೂ ಒಟ್ಟಿಗೇ ಹಾಕಲಿ. ಸರದಿ ಕರೆಯುವಾಗ ಜಿಎಂ ಎರಡು ಹೆಸರು ಹೇಳಲಿ: ಈಗ ಯಾರದು, ಮುಂದೆ ಯಾರದು. ಮಂತ್ರ ಹಾಕುವವರು ತಮ್ಮ ಮಂತ್ರಗಳನ್ನು ಒಂದೊಂದು ಕಾರ್ಡಿನ ಮೇಲೆ ಬರೆದಿಟ್ಟುಕೊಳ್ಳಲಿ. ದೂರ, ವಿಸ್ತಾರ, ಎದುರಾಳಿ ಯಾವ ದಾಳ ಹಾಕಬೇಕು, ಎಷ್ಟು ಹೊತ್ತು ಇರುತ್ತದೆ ಎಂಬ ನಾಲ್ಕು ಸಾಲು ಸಾಕು. ಎಂಟು ಗಾಬ್ಲಿನ್ ಇದ್ದರೆ ಎಂಟಕ್ಕೂ ಒಂದೇ ಸರದಿ. ಇದು ಪುಸ್ತಕದಲ್ಲೇ ಇರುವ ನಿಯಮ, ಬಹಳ ಜಿಎಂಗಳು ಬಳಸುವುದಿಲ್ಲ. ಗಾಬ್ಲಿನ್‌ನ ಏಟಿಗೆ ‘5 (1ಡಿ6+2)’ ಎಂದು ಅಚ್ಚಾಗಿದೆ, ಅಂದರೆ ಒಂದು ಆರುಮುಖದ ದಾಳದ ಗರಕ್ಕೆ 2 ಕೂಡಿಸಬೇಕು. ಆ 5 ಸರಾಸರಿ ಗಾಯ, ಅದನ್ನೇ ನೇರವಾಗಿ ಬಳಸಿ, ದಾಳ ಬೇಡ. ಇಷ್ಟು ಪಾಲಿಸಿ ಎರಡು ನಿಮಿಷದ ಸರದಿ ಒಂದಕ್ಕೆ ಇಳಿದರೆ ಅದೇ ಕಾಳಗ 24 ನಿಮಿಷದಲ್ಲಿ ಮುಗಿಯುತ್ತದೆ.

ಕೆಲವು ಕಡೆ ತೊಂದರೆ ಹೊತ್ತಿನದಲ್ಲ, ಗಣಿತದ್ದು. ಐವರು ಸದ್ದಿಲ್ಲದೆ ಕಾವಲುಗಾರರನ್ನು ದಾಟಬೇಕು. ಒಬ್ಬೊಬ್ಬರಿಗೂ ಶೇ. 60 ಅವಕಾಶ ಇದೆ ಎನ್ನಿ. ಜಿಎಂ ಎಲ್ಲರಿಂದಲೂ ದಾಳ ಹಾಕಿಸಿ, ಒಬ್ಬರು ತಪ್ಪಿದರೂ ಸಿಕ್ಕಿಬಿದ್ದಿರಿ ಎಂದರೆ ದಾಟುವ ಅವಕಾಶ ಶೇ. 8ಕ್ಕಿಂತ ಕಡಿಮೆ. ಎರಡು ಮೂರು ಸಲ ಹೀಗಾದರೆ ತಂಡ ಉಪಾಯ ಮಾಡುವುದನ್ನೇ ಬಿಟ್ಟು ಬಾಗಿಲು ಒದೆಯಲು ಶುರುಮಾಡುತ್ತದೆ. ಆಮೇಲೆ ಇವರಿಗೆ ಹೊಡೆದಾಟ ಬಿಟ್ಟು ಬೇರೇನೂ ಬೇಡ ಎಂಬ ದೂರು. ಐದನೇ ಆವೃತ್ತಿಯಲ್ಲಿ ಗುಂಪಿನ ಪರೀಕ್ಷೆ ಎಂಬ ಪುಟ್ಟ ನಿಯಮ ಇದೆ: ಅರ್ಧದಷ್ಟು ಜನ ಗೆದ್ದರೆ ಗುಂಪು ಗೆದ್ದಂತೆ. ಐವರಲ್ಲಿ ಮೂವರು ಸಾಕು, ಅವಕಾಶ ಶೇ. 68ಕ್ಕೆ ಏರುತ್ತದೆ. ನಿಯಮ ಒಂದು ಸಾಲು ಹೆಚ್ಚಾಯಿತು, ಆಟ ಹಗುರವಾಯಿತು.

ಪತ್ತೇದಾರಿ ಕಥೆಗಳಲ್ಲೂ ಇದೇ ಪಾಡು. 1981ರಿಂದ ಇರುವ ‘ಕಾಲ್ ಆಫ್ ಕ್ತುಲ್ಹು’ ಆಟದಲ್ಲಿ ಪ್ರತಿ ಕೌಶಲವೂ ನೂರಕ್ಕೆ ಇಷ್ಟು ಎಂದು ಬರೆದಿರುತ್ತದೆ, ಅರ್ಥವಾಗದವರೇ ಇಲ್ಲ. ಆದರೆ ಜಿಎಂ ಮೂರು ಸುಳಿವುಗಳನ್ನು ಒಂದರ ಹಿಂದೆ ಒಂದು ಶೇ. 70ರ ದಾಳದ ಹಿಂದೆ ಬಚ್ಚಿಟ್ಟರೆ, ಮೂರೂ ಸಿಗುವ ಅವಕಾಶ ಶೇ. 34. ಮೂರರಲ್ಲಿ ಎರಡು ಸಲ ಕಥೆ ನಡುದಾರಿಯಲ್ಲೇ ನಿಲ್ಲುತ್ತದೆ. ರಾಬಿನ್ ಲಾಸ್ ರೂಪಿಸಿ 2007ರಲ್ಲಿ ಹೊರಬಂದ ಗಮ್‌ಶೂ ಪದ್ಧತಿ ಇದನ್ನೇ ತಿದ್ದಿತು: ಸರಿಯಾದ ಕೌಶಲ ಇರುವವರು ಸರಿಯಾದ ಜಾಗದಲ್ಲಿ ಹುಡುಕಿದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತದೆ, ದಾಳವೇ ಇಲ್ಲ. ಸಿಕ್ಕಿದ ಸುಳಿವಿಗೆ ಅರ್ಥ ಕಟ್ಟುವುದರಲ್ಲೇ ತಂಡದ ಮಜಾ ಇರುವುದು.

ಇಲ್ಲಿಯವರೆಗೆ ಕೇಳಿದವರಿಗೆ ಕಡಿಮೆ ನಿಯಮವೇ ವಾಸಿ ಅನ್ನಿಸಬಹುದು. ಹಾಗಲ್ಲ. ‘ಲೇಸರ್ಸ್ ಅಂಡ್ ಫೀಲಿಂಗ್ಸ್’ ತೆಗೆದುಕೊಳ್ಳಿ. 2ರಿಂದ 5ರೊಳಗೆ ಒಂದು ಸಂಖ್ಯೆ ಆರಿಸಿಕೊಳ್ಳಬೇಕು. ಬುದ್ಧಿ, ತಂತ್ರಜ್ಞಾನದ ಕೆಲಸಕ್ಕೆ ಅದಕ್ಕಿಂತ ಕಡಿಮೆ ಗರ ಬೀಳಬೇಕು, ಭಾವನೆ, ಮನವೊಲಿಕೆಯ ಕೆಲಸಕ್ಕೆ ಹೆಚ್ಚು ಬೀಳಬೇಕು. ಒಂದು ದಾಳ, ತಯಾರಿ ಇದ್ದರೆ ಇನ್ನೊಂದು, ಪರಿಣತಿ ಇದ್ದರೆ ಮತ್ತೊಂದು. ಐದು ನಿಮಿಷದಲ್ಲಿ ಕಲಿಯಬಹುದು. ಆದರೆ ಈ ದಾಳ ಬಿದ್ದ ಮೇಲೆ ಬಾಹ್ಯಾಕಾಶ ಹಡಗಿನ ಇಂಜಿನ್‌ಗೆ ಏನಾಯಿತು, ಶತ್ರು ಏನು ಮಾಡಿದ, ಗಾಯ ಎಷ್ಟು ಎಂಬುದನ್ನೆಲ್ಲ ಜಿಎಂ ಆ ಕ್ಷಣದಲ್ಲೇ ಹುಟ್ಟಿಸಬೇಕು. ಮೂರು ಗಂಟೆ ಹೀಗೆ ಹುಟ್ಟಿಸುತ್ತ ಹೋಗುವುದು ಸುಲಭದ ಕೆಲಸವಲ್ಲ. ಮಾತಿನಮಲ್ಲರಿಗೆ ಈ ಆಟದಲ್ಲಿ ಎಲ್ಲ ಬಾಗಿಲೂ ತೆರೆದಿರುತ್ತದೆ. ಸಂಕೋಚದ ಸ್ವಭಾವದವರಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಅಂಥ ಒಬ್ಬ ಆಟಗಾರ್ತಿಯ ಕೈಯಲ್ಲಿ ‘ತಿಂಗಳಬೆಳಕಿನ ಬಾಣ, ದಿನಕ್ಕೆರಡು ಸಲ, 2ಡಿ8 ಗಾಯ’ ಎಂದು ಬರೆದ ಕಾರ್ಡ್ ಇದ್ದರೆ, ಯಾರ ಅಪ್ಪಣೆಗೂ ಕಾಯದೆ ಅದನ್ನು ಮೇಜಿನ ಮೇಲಿಡುತ್ತಾಳೆ. ಬರೆದಿಟ್ಟ ನಿಯಮ ಮೆದುದನಿಯವರಿಗೆ ಸಿಕ್ಕ ಹಕ್ಕು. ಪರಸ್ಪರ ಪರಿಚಯ ಇಲ್ಲದವರು ಆಡುವ ಮೇಜಿನಲ್ಲಿ ಇದರ ಬೆಲೆ ಇನ್ನೂ ಹೆಚ್ಚು.

ಆದ್ದರಿಂದಲೇ, ಆಯುಧ ಎಷ್ಟು ಗಾಯ ಮಾಡುತ್ತದೆ ಎಂಬ ನಿಯಮಕ್ಕಿಂತ ಯಾರು ಯಾವಾಗ ಮಾತಾಡಬೇಕು ಎಂಬ ನಿಯಮ ದೊಡ್ಡದು ಎಂದು ಧೈರ್ಯವಾಗಿ ಹೇಳಬಹುದು. ಜೇಸನ್ ಮಾರ್ನಿಂಗ್‌ಸ್ಟಾರ್ ಅವರ 2009ರ ‘ಫಿಯಾಸ್ಕೊ’ದಲ್ಲಿ ಜಿಎಂ ಇಲ್ಲವೇ ಇಲ್ಲ. ಸರದಿ ಬಂದವರ ಪಾತ್ರದ ಸುತ್ತಲೇ ದೃಶ್ಯ. ದೃಶ್ಯವನ್ನು ಕಟ್ಟುವುದು ತಾವೋ, ಅದು ಒಳ್ಳೆಯದಾಗಿ ಮುಗಿಯುತ್ತದೋ ಕೆಟ್ಟದಾಗೋ ಎಂದು ತೀರ್ಮಾನಿಸುವುದು ತಾವೋ, ಎರಡರಲ್ಲಿ ಒಂದನ್ನು ಅವರು ಆರಿಸಿಕೊಳ್ಳುತ್ತಾರೆ. ಇನ್ನೊಂದು ಉಳಿದವರ ಪಾಲು. ಇಷ್ಟೇ ನಿಯಮ, ಯಾರೂ ಮೂಲೆಗೆ ಬೀಳುವುದಿಲ್ಲ. ವಿನ್ಸೆಂಟ್ ಮತ್ತು ಮೆಗ್ವೆ ಬೇಕರ್ ಅವರ ‘ಅಪೋಕಲಿಪ್ಸ್ ವರ್ಲ್ಡ್’, 2010ರದು, ಇನ್ನೊಂದು ದಾರಿ ಹಿಡಿಯಿತು. ಎರಡು ಆರುಮುಖದ ದಾಳ ಕೂಡಿ 10 ಅಥವಾ ಹೆಚ್ಚು ಬಂದರೆ ಪೂರ್ತಿ ಗೆಲುವು, 7ರಿಂದ 9 ಬಂದರೆ ಗೆಲುವಿನ ಜೊತೆ ಒಂದು ತೊಡಕು, 6 ಅಥವಾ ಕಡಿಮೆ ಬಂದರೆ ಜಿಎಂ ಕೈ ಮೇಲು. +1 ಇರುವ ಪಾತ್ರಕ್ಕೆ ಮೂರರ ಪಾಲು ಕ್ರಮವಾಗಿ ಶೇ. 28, 44, 28. ನಡುವಿನ ದೊಡ್ಡ ಪಾಲನ್ನು ನೋಡಿ. ದಾಳ ಹಾಕಿದ ಮೇಲೆ ‘ಏನೂ ಆಗಲಿಲ್ಲ, ಮುಂದಿನವರು’ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಶತ್ರುವಿಗೆ ಬೇರೆ ಸರದಿಯೂ ಇಲ್ಲ. ಆಟಗಾರರ ತೊಡಕೇ ಶತ್ರುವಿನ ಏಟು. ಕಾಯುವ ಹೊತ್ತು ತಾನಾಗಿ ಕರಗುತ್ತದೆ. ಬೆಲೆ ತೆರುವವರು ಜಿಎಂ: 7ರಿಂದ 9ರ ಗರ ಬಿದ್ದಾಗಲೆಲ್ಲ ಹೊಸ ತೊಡಕು ಬೇಕು. ಎರಡನೇ ಗಂಟೆಯಲ್ಲಿ ಸರಕು ಮುಗಿಯದಿರಲು ಹತ್ತು ತೊಡಕುಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು: ಬೆಳಕು ಆರಿತು, ಮೂರನೆಯವರು ನೋಡಿಬಿಟ್ಟರು, ಆಯುಧ ಕೈಯಲ್ಲೇ ಮುರಿಯಿತು, ಹೀಗೆ.

ಒಂದೇ ಆಟದೊಳಗೂ ಭಾರವನ್ನು ಹಂಚಬಹುದು, ಹಂಚಲೇಬೇಕು. ಡಿ ಅಂಡ್ ಡಿ ಐದನೇ ಆವೃತ್ತಿಯ ಮೊದಲ ಮಟ್ಟದ ಮಾಂತ್ರಿಕನ ಕೈಯಲ್ಲಿ ಮೂರು ಕಿರುಮಂತ್ರ, ಪುಸ್ತಕದಲ್ಲಿ ಆರು ಮಂತ್ರ, ಅದರಲ್ಲಿ ದಿನಕ್ಕಿಷ್ಟು ಸಿದ್ಧಪಡಿಸಿಕೊಳ್ಳುವ ಲೆಕ್ಕ ಬೇರೆ. ಚಾಂಪಿಯನ್ ಎಂಬ ಯೋಧನಿಗೆ ಮೂರನೇ ಮಟ್ಟದಲ್ಲಿ ಸಿಗುವ ದೊಡ್ಡ ವಿಶೇಷವೆಂದರೆ 20 ಬಿದ್ದಾಗಲಷ್ಟೇ ಅಲ್ಲ, 19 ಬಿದ್ದರೂ ಇಮ್ಮಡಿ ದಾಳದ ಏಟು. ನಿಯಮ ಓದಿ ಸುಖಪಡುವವರು ಮಾಂತ್ರಿಕನನ್ನೂ, ಕಥೆ ಕೇಳಲು, ನಾಲ್ಕು ಜನರ ಜೊತೆ ನಗಲು ಬಂದವರು ಚಾಂಪಿಯನ್‌ನನ್ನೂ ತೆಗೆದುಕೊಂಡರೆ ಒಂದೇ ಮೇಜಿನಲ್ಲಿ ಇಬ್ಬರೂ ಸುಖಿ. ತಪ್ಪಾಗುವುದು ಅದಲುಬದಲಾದಾಗ. ಮಂತ್ರ ಓದದ ಮಾಂತ್ರಿಕ ಇಡೀ ಮೇಜನ್ನು ಕಾಯಿಸುತ್ತಾನೆ. ಪುಸ್ತಕ ಅರೆದು ಕುಡಿದ ಯೋಧ ತನ್ನ ಸರದಿ ಮುಗಿದು ಬೇರೆಯವರ ಸರದಿಯನ್ನೂ ಆಡತೊಡಗುತ್ತಾನೆ.

ಬೇಡದ ನಿಯಮ ಕಿತ್ತುಹಾಕುವವರಿಗೆ ಒಂದು ಎಚ್ಚರಿಕೆ ಇದೆ. ನಿಯಮಗಳು ಒಂದಕ್ಕೊಂದು ಆತುಕೊಂಡಿರುತ್ತವೆ. 1981ರ ಬೇಸಿಕ್ ಡಿ ಅಂಡ್ ಡಿಯಲ್ಲಿ ನೆಲಮಾಳಿಗೆಯ ಒಂದು ಸರದಿ ಎಂದರೆ ಹತ್ತು ನಿಮಿಷ. ಪಂಜು ಉರಿಯುವುದು ಆರು ಸರದಿ. ಎರಡು ಸರದಿಗೊಮ್ಮೆ ಆರುಮುಖದ ದಾಳ ಹಾಕಿ 1 ಬಿದ್ದರೆ ಅಲೆಮಾರಿ ರಾಕ್ಷಸ ಬರುತ್ತದೆ. ಹೊತ್ತ ತೂಕ ಹೆಚ್ಚಿದಷ್ಟು ನಡಿಗೆ ನಿಧಾನ. ತೂಕದ ಲೆಕ್ಕ ಬೇಸರ ಎಂದು ಕೈಬಿಟ್ಟ ತಂಡಕ್ಕೆ ಇಪ್ಪತ್ತು ಪಂಜು ಹೊರುವುದೂ ಪುಕ್ಕಟೆ, ಚಿನ್ನದ ಮೂಟೆ ಹೊರುವುದೂ ಪುಕ್ಕಟೆ. ಬೆಳಕಿಗೆ ಭಯವಿಲ್ಲ, ಅವಸರಕ್ಕೆ ಕಾರಣವಿಲ್ಲ. ಆ ಆಟದ ಉಸಿರೇ ಅಲ್ಲಿತ್ತು. ಬೇಸರ ತೂಕದ್ದಾದರೆ ಲೆಕ್ಕವನ್ನು ಸುಲಭ ಮಾಡಿ, ತೆಗೆಯಬೇಡಿ: ಪಾತ್ರಕ್ಕೆ ಹತ್ತು ಸಾಮಾನು, ಅದಕ್ಕಿಂತ ಹೆಚ್ಚಾದರೆ ನಡಿಗೆ ಅರ್ಧ ಎಂದರೆ ಕೆಲಸ ನಡೆಯುತ್ತದೆ. ಜಾನ್ ಹಾರ್ಪರ್ ಅವರ ‘ಬ್ಲೇಡ್ಸ್ ಇನ್ ದ ಡಾರ್ಕ್’ ಎಂಬ ಕಳ್ಳರ ಗುಂಪಿನ ಆಟ ಇನ್ನೂ ಚೆಂದ ಮಾಡಿದೆ. ಹೊರಡುವಾಗ ಹೊರೆ ಹಗುರ, ಸಾಧಾರಣ, ಭಾರಿ ಎಂದಷ್ಟೇ ಹೇಳಬೇಕು. ಮಿತಿ 3, 5, 6. ಹಗ್ಗವೋ ಕೀಲಿಕೈಯೋ ಬೇಕಾದ ಗಳಿಗೆಯಲ್ಲಿ ಗುರುತು ಹಾಕಿ ತೆಗೆದರಾಯಿತು. ಕಳ್ಳತನಕ್ಕೆ ಮುನ್ನ ಗಂಟೆಗಟ್ಟಲೆ ಸಾಮಾನಿನ ಪಟ್ಟಿ ಮಾಡುವ ತಂಡಗಳಿಗೆ ಇದು ದೊಡ್ಡ ಬಿಡುಗಡೆ.

ಸೇರಿಸುವಾಗಲೂ ಅಷ್ಟೇ ಜಾಗ್ರತೆ ಬೇಕು. ಎಷ್ಟೋ ಮೇಜುಗಳಲ್ಲಿ ‘1 ಬಿದ್ದರೆ ಆಯುಧ ಕೈಜಾರುತ್ತದೆ’ ಎಂಬ ಮನೆನಿಯಮ ಇದೆ. ಮೊದಲ ಮಟ್ಟದ ಯೋಧ ಸರದಿಗೆ ಒಂದೇ ಏಟು ಹೊಡೆಯುತ್ತಾನೆ, ಕೈಜಾರುವ ಸಾಧ್ಯತೆ ಶೇ. 5. ಇಪ್ಪತ್ತನೇ ಮಟ್ಟದವನು ನಾಲ್ಕು ಏಟು ಹೊಡೆಯುತ್ತಾನೆ. ಒಂದಾದರೂ 1 ಬೀಳುವ ಸಾಧ್ಯತೆ ಶೇ. 18.5. ಪಳಗಿದಷ್ಟೂ ಕತ್ತಿ ಹೆಚ್ಚು ಸಲ ನೆಲಕ್ಕೆ ಬೀಳುತ್ತದೆ. ಮಂತ್ರ ಹಾಕಿ ಎದುರಾಳಿಯಿಂದ ದಾಳ ಹಾಕಿಸುವ ಮಾಂತ್ರಿಕನಿಗೆ ಈ ಕಾಟವೇ ಇಲ್ಲ. ತಮಾಷೆಗೆಂದು ತಂದ ನಿಯಮ ಒಬ್ಬ ಆಟಗಾರನ ತಲೆಗೆ ಮಾತ್ರ ಕಟ್ಟಿದಂತಾಯಿತು. ಹೊಸ ನಿಯಮ ತಂದರೆ ಮೂರು ಸೆಷನ್‌ಗೆ ಎಂದು ತನ್ನಿ, ಆಮೇಲೆ ಎಲ್ಲರನ್ನೂ ಕೇಳಿ ಇಟ್ಟುಕೊಳ್ಳಿ ಅಥವಾ ಬಿಡಿ.

ನಿಮ್ಮ ತಂಡಕ್ಕೆ ಭಾರ ಹೆಚ್ಚಾಗಿದೆಯೇ ಎಂದು ತಿಳಿಯಲು ಒಂದು ಸಂಜೆ ಹಾಳೆಯ ಮೂಲೆಯಲ್ಲಿ ಮೂರು ಗುರುತು ಹಾಕುತ್ತ ಹೋಗಿ: ಪುಸ್ತಕ ಎಷ್ಟು ಸಲ ಬಿಚ್ಚಿದಿರಿ, ಒಬ್ಬ ಆಟಗಾರ ಅತಿ ಹೆಚ್ಚು ಕಾದದ್ದು ಎಷ್ಟು ನಿಮಿಷ, ಅರ್ಧ ಗಂಟೆಯಲ್ಲಿ ಒಮ್ಮೆಯೂ ಬಾಯಿಬಿಡದವರು ಯಾರು. ಪುಸ್ತಕ ಬಿಚ್ಚಿದ್ದು ಒಂದೇ ನಿಯಮಕ್ಕೆ ಪದೇ ಪದೇ ಆಗಿದ್ದರೆ ಅದನ್ನು ಕಾರ್ಡಿಗೆ ಬರೆಯಿರಿ. ಪ್ರತಿ ಸಲ ಬೇರೆ ಬೇರೆ ನಿಯಮಕ್ಕಾಗಿದ್ದರೆ ಆಟವೇ ನಿಮ್ಮ ತಂಡಕ್ಕೆ ದೊಡ್ಡದಾಯಿತು ಎಂದರ್ಥ. ನಿಯಮದ ಚರ್ಚೆಗೆ ಎರಡು ನಿಮಿಷದ ಮಿತಿ ಇಡಿ. ಅಷ್ಟರಲ್ಲಿ ಸಿಗದಿದ್ದರೆ ಜಿಎಂ ಹೇಳಿದ್ದೇ ಆ ಹೊತ್ತಿನ ತೀರ್ಪು, ಸರಿಯಾದದ್ದನ್ನು ಆಟ ಮುಗಿದ ಮೇಲೆ ಹುಡುಕಿ ಬರೆದಿಡಬೇಕು. ಒಂದು ಅಪವಾದ ಇರಲಿ: ಪಾತ್ರದ ಸಾವು ಬದುಕಿನ ಪ್ರಶ್ನೆ ಇದ್ದರೆ ಎಷ್ಟು ಹೊತ್ತಾದರೂ ಪುಸ್ತಕ ನೋಡಿ. ವಾರಗಟ್ಟಲೆ ಬೆಳೆಸಿದ ಪಾತ್ರ ತಪ್ಪು ಲೆಕ್ಕದಿಂದ ಸತ್ತರೆ ಆ ನೋವು ಬೇಗ ಮಾಸುವುದಿಲ್ಲ. ನಿಯಮ ಬಾಯಿಪಾಠ ಇರುವ, ಎಲ್ಲರೂ ರೂಲ್ಸ್ ಲಾಯರ್ ಎಂದು ಛೇಡಿಸುವ ಆಟಗಾರರಿಗೆ ಈ ಹುಡುಕುವ ಕೆಲಸ ಒಪ್ಪಿಸಿ. ಅವರ ಜ್ಞಾನ ತಂಡದ ಆಸ್ತಿ. ಕೇಳಿದಾಗ ಉತ್ತರಿಸುವ ಜಾಗ ಸಿಕ್ಕರೆ ಕೇಳದೆ ತಡೆಯುವ ಚಾಳಿ ಕಡಿಮೆಯಾಗುತ್ತದೆ.

ಉಪನ್ಯಾಸದ ಕೊನೆಗೆ ಬಂದ ಪ್ರಶ್ನೆ: ಹೊಸದಾಗಿ ತಂಡ ಕಟ್ಟುವವರು ಎಲ್ಲಿಂದ ಶುರುಮಾಡಬೇಕು? ಜಿಎಂ ಬಿಟ್ಟು ನಾಲ್ವರು, ಮೂರು ಗಂಟೆ. ಡಿ ಅಂಡ್ ಡಿ ಐದನೇ ಆವೃತ್ತಿಯ ಮೂಲ ನಿಯಮಗಳ 5.1 ಸಂಕಲನ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ, ಬೇಕಾದ ಪುಟ ಮುದ್ರಿಸಿಕೊಂಡು ಹಂಚಬಹುದು. ಮೊದಲ ದಿನವೇ ಪಾತ್ರ ಕಟ್ಟಿಸಬೇಡಿ, ಅದರಲ್ಲೇ ಸಂಜೆ ಕಳೆದುಹೋಗುತ್ತದೆ; ಸಿದ್ಧ ಪಾತ್ರ ಕೊಡಿ. ಆರಂಭಕ್ಕೆ ಮೂರೇ ವಿಷಯ ಹೇಳಿ: ಇಪ್ಪತ್ತರ ದಾಳಕ್ಕೆ ಹಾಳೆಯ ಮೇಲಿನ ಅಂಕ ಕೂಡಿಸಿ ಗುರಿ ಮುಟ್ಟಬೇಕು, ಅನುಕೂಲ ಇದ್ದರೆ ಎರಡು ದಾಳ ಹಾಕಿ ದೊಡ್ಡದನ್ನೂ, ಪ್ರತಿಕೂಲ ಇದ್ದರೆ ಚಿಕ್ಕದನ್ನೂ ಇಟ್ಟುಕೊಳ್ಳಬೇಕು, ಹಿಟ್ ಪಾಯಿಂಟ್, ಅಂದರೆ ಗಾಯ ತಾಳುವ ಶಕ್ತಿಯ ಅಂಕ, ಸೊನ್ನೆಗೆ ಇಳಿದರೆ ಪಾತ್ರ ಕುಸಿಯುತ್ತದೆ. ಉಳಿದದ್ದನ್ನು ಬೇಕಾದಾಗ ಹೇಳಿಕೊಡಿ.

ಮೊದಲ ಕಾಳಗಕ್ಕೆ ಎರಡೇ ಗಾಬ್ಲಿನ್ ಇಡಿ. ನಾಲ್ಕಕ್ಕೆ ನಾಲ್ಕು ಸಮ ಅನ್ನಿಸುತ್ತದೆ, ಆದರೆ 2014ರ ಲೆಕ್ಕದಲ್ಲಿ ಮೊದಲ ಮಟ್ಟದ ನಾಲ್ವರಿಗೆ ನಾಲ್ಕು ಗಾಬ್ಲಿನ್ ಎಂದರೆ ಮಾರಕ ಎಂಬ ಅತಿ ಮೇಲಿನ ದರ್ಜೆ. ಮೂರು ಎಂದರೂ ಕಠಿಣ. ಎರಡರಲ್ಲಿ ಒಂದು ಬಿದ್ದ ಕೂಡಲೇ ಇನ್ನೊಂದು ಆಯುಧ ಎಸೆದು ಕೈಯೆತ್ತಲಿ. ಫಲ ಗೊತ್ತಾದ ಕಾಳಗವನ್ನು ಮತ್ತೆರಡು ಸುತ್ತು ಎಳೆಯುವುದು ತಪ್ಪುತ್ತದೆ. ಸೆರೆಸಿಕ್ಕವನನ್ನು ಏನು ಕೇಳುವುದು, ಬಿಡುವುದೋ ಬೇಡವೋ ಎಂದು ನಾಲ್ವರೂ ಒಟ್ಟಿಗೆ ಮಾತಿಗಿಳಿಯುತ್ತಾರೆ, ಆ ಮಾತಿಗೆ ಸರದಿಯೂ ಬೇಡ, ದಾಳವೂ ಬೇಡ.